ಮೊದಲ ಸಾಲಿನ ಆಂಜನೇಯ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ಎಂಬ್ರಾಯ್ಡರಿ ಮೆಷಿನ್ ನಿಂತುಹೋಯಿತು. ಹೊಲಿಯುವವರೆಲ್ಲ ಕೈಕಟ್ಟಿ ಕುಳಿತರು. ಅದನ್ನು ನಡೆಸುವ ಸಿ ಭಾಷೆಯ ಪ್ರೋಗ್ರಾಂ ನಾನು ಬರೆದದ್ದು. ಅಳತೆಗಳನ್ನು ಒಂದು ಕಾನ್ಫಿಗ್ ಫೈಲಿನಿಂದ ಸಾಲುಸಾಲಾಗಿ ಓದುತ್ತದೆ. ಇವತ್ತು ಅದು ‘ಮೊದಲ ಸಾಲು ತಪ್ಪು’ ಎನ್ನುತ್ತಿತ್ತು. ಫೈಲು ತೆರೆದೆ. ಹೊಸ ಅಳತೆ ತುಂಬಿದ್ದ ಕಟಿಂಗ್ ಮಾಸ್ಟರ್ ಬಸಣ್ಣ ಎಲ್ಲಕ್ಕಿಂತ ಮೇಲೆ ‘ಶ್ರೀ ನೇಮಕಲ್ಲು ಆಂಜನೇಯ ಪ್ರಸನ್ನ’ ಎಂದು ಟೈಪ್ ಮಾಡಿದ್ದರು.

“ಅದರ ಮುಂದ ಒಂದು ಹ್ಯಾಶ್ ಗುರುತು ಹಾಕ್ರಿ ಮಾಸ್ಟರ್. ಆ ಸಾಲು ಮೆಷಿನ್ ಓದಂಗಿಲ್ಲ,” ಎಂದೆ.

“ದೇವರ ಹೆಸರು ಓದಬ್ಯಾಡ ಅಂತ ನಾ ಯಾಕ ಗುರುತು ಹಾಕ್ಲಿರಿ?” ಎಂದು ಸಿಟ್ಟಾದರು.

ಕೊನೆಗೆ ಪ್ರೋಗ್ರಾಮನ್ನೇ ತಿದ್ದಿದೆ. ಈಗ ಅದು ಆ ಸಾಲನ್ನು ಪೂರ್ತಿ ಓದುತ್ತದೆ, ಅದರಿಂದ ಏನನ್ನೂ ತೆಗೆದುಕೊಳ್ಳದೆ ಕೆಲಸಕ್ಕಿಳಿಯುತ್ತದೆ. ದಿನಾ ಬೆಳಿಗ್ಗೆ ದೇವರ ಪಟಕ್ಕೆ ಕೈಮುಗಿದು ನಾನು ಮಾಡುವುದೂ ಅದನ್ನೇ.