ಚೀನಾದ ಸುದ್ದಿ, ಮಾಸ್ತರರ ಚೆಕ್ಕು

೨೦೦೮ರಲ್ಲಿ ನಾನು ಶಹಾಪುರದ ಒಂದು ಷೇರು ದಲ್ಲಾಳಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ಗಿರಾಕಿ ಹೇಳಿದ ಷೇರು ಕೊಳ್ಳುವುದು, ಮಾರುವುದು ಸಂಬಳದ ಕೆಲಸ. ಅವರು ಹೋದ ಮೇಲೆ ಅವರ ದನಿಯಲ್ಲೇ ಮಾತಾಡಿ ನಗಿಸುವುದು ಬಿಟ್ಟಿ ಕೆಲಸ. ಎಡವುತ್ತ ಇಂಗ್ಲಿಷ್ ಓದುವ ನನ್ನನ್ನೂ ನಾನು ಬಿಟ್ಟವನಲ್ಲ.

ಆ ವರ್ಷ ಚೀನಾ ಸರ್ಕಾರ ತನ್ನ ಆರು ಟೆಲಿಕಾಂ ಕಂಪನಿಗಳನ್ನು ಮೂರಕ್ಕೆ ಇಳಿಸಿತು. ಹತ್ತಿ ವ್ಯಾಪಾರಿಗಳು ನಮ್ಮ ಬೆಂಚಿನ ಮೇಲೆ ಕೂತು ಚೀನಾ ಆಳತೊಡಗಿದರು. ನಿವೃತ್ತ ಶಿಕ್ಷಕ ಶರಣಪ್ಪ ಮಾಸ್ತರರು ಮಾತ್ರ ಕಿಸೆಯಲ್ಲಿ ಚೆಕ್ಕಿಟ್ಟುಕೊಂಡು, ಸುರಪುರದ ಬಸ್ಸು ಹಿಡಿಯುವ ಮೊದಲು ಒಂದು ಮಾತು ಕೇಳಲು ಬಂದರು. ಅಲ್ಲಿನ ಏಜೆಂಟನೊಬ್ಬ ಹೇಳಿದ್ದನಂತೆ: ಆ ಮೂರರಲ್ಲಿ ಒಂದು ಕಂಪನಿ ಭಾರತಕ್ಕೆ ಬರುತ್ತದೆ. ಅದರ ಇಲ್ಲಿನ ಪಾಲುದಾರ ಕಂಪನಿಗೆ ೩ಜಿ ಸ್ಪೆಕ್ಟ್ರಂ, ಅಂದರೆ ವೇಗದ ಮೊಬೈಲ್ ಸೇವೆಗೆ ಬೇಕಾದ ತರಂಗಗಳು, ಸಿಕ್ಕೇ ಸಿಗುತ್ತವೆ. ಆ ಪಾಲುದಾರ ಕಂಪನಿ ಷೇರು ಪೇಟೆಗೆ ಬರುವ ಮೊದಲೇ ಅದರ ಷೇರು ಹಿಡಿಯಬೇಕು. ಕಡೆಯ ಲಾಟ್, ಅಂದರೆ ಷೇರುಗಳ ಕೊನೆಯ ಕಂತೆ, ಮಾಸ್ತರರಿಗೆಂದೇ ಇಟ್ಟಿದ್ದಾನೆ. ಚೆಕ್ಕು ಮಾಸ್ತರರ ಗ್ರಾಚ್ಯುಟಿಯ ಪೂರ್ತಿ ಮೊತ್ತದ್ದು.

"ಕೆನಾಲ್ ಯಾವ ಕಡಿ ಬರ್ತದಂತ ಮೊದ್ಲ ಗೊತ್ತಿದ್ದಾಂವ ಅಲ್ಲೇ ಹೊಲ ಹಿಡದು ಸಾವ್ಕಾರ ಆದ. ಆಗ ನಾ ನಕ್ಕೆ. ಈ ಸಲ ಬಿಡಾಂವಲ್ಲ," ಎಂದರು.

ನಮ್ಮ ಕಡೆ ಈ ತರ್ಕಕ್ಕೆ ಎದುರಿಲ್ಲ. ಆದರೆ ಕಾಲುವೆಗೆ ನಕ್ಷೆಯಿತ್ತು, ಗುರುತಿನ ಕಲ್ಲು ನೆಟ್ಟಿದ್ದರು. ಇಲ್ಲಿ ಸ್ಪೆಕ್ಟ್ರಂ ಹರಾಜೇ ನಡೆದಿರಲಿಲ್ಲ; ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಕೊಡುವುದು ಬರೀ ಸಲಹೆ, ಲೈಸೆನ್ಸ್ ಕೊಡುವುದು ಸರ್ಕಾರ. ಇಷ್ಟು ಹೇಳಿದರೂ ಮಾಸ್ತರರು ಬಗ್ಗಲಿಲ್ಲ.

ಬೆಂಚಿನವರಿಂದ ನಂಬರ್ ಪಡೆದು ಏಜೆಂಟನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಒಬ್ಬ ಹತ್ತಿ ವ್ಯಾಪಾರಿಯ ಗೊಗ್ಗರು ದನಿ ತೆಗೆದೆ: "ಆ ಮೊಬೈಲ್ ಷೇರು ಇನ್ನೂ ಅದಾವೇನೋ?"

"ಕಡೀ ಲಾಟ್ ಉಳದದ ಸಾವ್ಕಾರ್ರೆ. ನಿಮಗಂತ್ಲೇ ಇಟ್ಟೀನಿ!"

ಅದೇ ಕಡೆಯ ಲಾಟನ್ನು ಅವನು ಮಾಸ್ತರರಿಗೂ ಇಟ್ಟಿದ್ದ. ಗೆದ್ದೆನೆಂದು ಫೋನಿಟ್ಟೆ. ಮಾಸ್ತರರು ನನ್ನ ಬಾಯನ್ನೇ ನೋಡುತ್ತಿದ್ದರು.

"ಆ ಕಡಿ ಮಾತಾಡ್ದಾಂವ ನಿನ್ನ ಗೆಳ್ಯಾ ಇರಬೇಕು. ಇಷ್ಟು ಚಂದ ಸುಳ್ಳ ದನಿ ತಗೀತಿ, ನಿನ್ನ ಹ್ಯಾಂಗ ನಂಬಲೋ ತಮ್ಮಾ?"

ಬೆಂಚೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

"ನೀವೇ ಕೇಳ್ರಿ ಸರ್. ನಾಳಿ ಮಾರಬೇಕಂದ್ರ ಯಾರು ತಗೋತಾರ, ನಿನ್ನ ದಲ್ಲಾಳಿ ನೋಂದಣಿ ನಂಬರ್ ಏನು, ಅಷ್ಟೇ ಕೇಳ್ರಿ."

ಅವರು ತಮ್ಮ ಫೋನಿನಿಂದ, ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ ಕೇಳಿದರು. "ನಂಬಿಕಿ ಇಲ್ಲಂದ್ರ ಬ್ಯಾಡ್ರಿ," ಎಂದು ಆ ಕಡೆಯವನು ಫೋನಿಟ್ಟ. ಮಾಸ್ತರರು ಚೆಕ್ಕನ್ನು ಎರಡು ಸಲ ಮಡಚಿ ಹರಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಈಗ ನಿಮ್ಮ ನಂಬರ್ ತೋರ್ಸು."

ಕೆಲಸಕ್ಕೆ ಸೇರಿದಂದಿನಿಂದ ಯಾರೂ ಅದನ್ನು ಕೇಳಿರಲಿಲ್ಲ. ಕಚೇರಿಯ ನೋಂದಣಿ ಪತ್ರ ಕಪಾಟಿನ ಹಿಂದೆ ಧೂಳು ತಿನ್ನುತ್ತಿತ್ತು. ಹುಡುಕಲು ಅರ್ಧ ಗಂಟೆ ಹಿಡಿಯಿತು. ಮಾಸ್ತರರು ನಿಂತೇ ಕಾದರು, ನಂಬರನ್ನು ಡೈರಿಯಲ್ಲಿ ಬರೆದುಕೊಂಡರು. ಪರರ ಹಣ ಮುಟ್ಟುವವನು ಅವರ ಅನುಮಾನಕ್ಕೆ ಮುನಿಸಿಕೊಳ್ಳಬಾರದು, ಉತ್ತರ ಕೈಯಲ್ಲಿಟ್ಟುಕೊಂಡಿರಬೇಕು ಎಂದು ನನಗೆ ಕಲಿಸಿದ್ದು ಆ ಅರ್ಧ ಗಂಟೆ.