ಮರಳಿನ ಎರಡು ಹಾಳೆ

ಮೊನ್ನೆ ನಂಜನಗೂಡಿನ ನಮ್ಮ ಆಫೀಸಿನಲ್ಲಿ ಹಳೇ ಬೀರು ಖಾಲಿ ಮಾಡುವಾಗ ಕಾರ್ಬನ್ ಹಾಳೆಗಳ ಒಂದು ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಆ ಎಣ್ಣೆಯಂಥ ವಾಸನೆ ಮೂಗಿಗೆ ಬಡಿದು, ಎಷ್ಟೋ ವರ್ಷದ ಸಿಟ್ಟು ಎದ್ದು ಕೂತಿತು. ಸತ್ತವರು ನೆನಪಾದರೆ ಕೆಲವರಿಗೆ ಕಣ್ಣು ತುಂಬುತ್ತದೆ. ನನಗೆ ಅರ್ಜಿ ತಾತ ನೆನಪಾದರೆ ಮೊದಲು ಹಲ್ಲು ಕಚ್ಚುವಂತಾಗುತ್ತದೆ. ಕಣ್ಣಿನ ಮಾತು ಆಮೇಲೆ.

ಟಿ. ನರಸೀಪುರದಲ್ಲಿ, ತಾಲ್ಲೂಕು ಕಚೇರಿಗೆ ಬರುವ ಜನ ಕಾಯುತ್ತಿದ್ದ ಹೊಂಗೆ ಮರದ ಕೆಳಗೆ, ಅಲುಗಾಡುವ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು, ಜನರಿಗೆ ಅರ್ಜಿ ಬರೆದುಕೊಡುತ್ತಾ ಅವರು ಕೂರುತ್ತಿದ್ದರು. ನನಗೆ ರಕ್ತಸಂಬಂಧಿಯಲ್ಲ, ಕೇರಿಗೆಲ್ಲ ತಾತ. ಸೋಸಲೆ ಕಡೆಯ ನಮ್ಮ ಕೇರಿಯಲ್ಲಿ ಇಂಗ್ಲಿಷ್ ಟೈಪಿಂಗ್ ಪಾಸು ಮಾಡಿದ ಮೊದಲ ಮನುಷ್ಯ. ಕೇರಿಗೆ ನಲ್ಲಿ ಬಂದದ್ದು, ಅಪ್ಪನ ಹೆಸರಿಗೆ ಖಾತೆ ಆದದ್ದು, ನನಗೆ ಹಾಸ್ಟೆಲ್ ಸೀಟು ಸಿಕ್ಕಿದ್ದು, ಎಲ್ಲವೂ ಅವರ ಅರ್ಜಿಯಿಂದಲೇ. ಅವರ ಕೈಗುಣ ಹಾಗಿತ್ತು. ವಿಷಯ ಯಾವುದಾದರೂ ಶುರು ಮಾತ್ರ ಒಂದೇ: ‘ಕಡುಬಡವನಾದ ನಾನು ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ...’

ನಾನು ಮೈಸೂರಿನಲ್ಲಿ ಭೂಗೋಳ ಎಂಎಸ್ಸಿ ಓದುತ್ತಿದ್ದಾಗ ಹೊರದೇಶದ ಒಂದು ವಿಶ್ವವಿದ್ಯಾಲಯದಿಂದ ಪ್ರಕಟಣೆ ಬಂತು. ಒಂದು ವರ್ಷ ಅಲ್ಲಿ ಓದು, ಖರ್ಚೆಲ್ಲ ಅವರದೇ. ಆದರೆ ಅರ್ಜಿ ಹಾಕಲು ಅದೊಂದೇ ವರ್ಷ ಅವಕಾಶ. ಫಾರಂ ಜೊತೆ ಎರಡು ಪುಟ ಬರೆಯಬೇಕಿತ್ತು: ನೀವು ಏನು ಓದಬೇಕೆಂದಿದ್ದೀರಿ, ಯಾಕೆ?

ನಾನು ತಲಕಾಡಿನ ಮರಳಿನ ಬಗ್ಗೆ ಬರೆದೆ. ಅದು ಅವ್ವನ ತವರು. ಅಜ್ಜಿ ದಿನಾ ಬೆಳಗ್ಗೆ ಹೊಸ್ತಿಲ ಮರಳು ಗುಡಿಸುತ್ತಿದ್ದಳು, ಮಾರನೇ ದಿನ ಮತ್ತೆ ಅಷ್ಟೇ ಇರುತ್ತಿತ್ತು. ಎರಡು ಬೇಸಿಗೆ ನಾನು ದಿಬ್ಬದ ಮೇಲೆ ಕಡ್ಡಿ ನೆಟ್ಟು, ಯಾವ ಗಾಳಿಗೆ ಎಷ್ಟು ಸರಿಯಿತು ಎಂದು ಗುರುತು ಹಾಕಿದ್ದೆ. ಊರಿನವರು ಹುಚ್ಚಿ ಎಂದು ನಕ್ಕಿದ್ದರು. ಅದನ್ನೆಲ್ಲ ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ, ಯಾರನ್ನೂ ಕೇಳದೆ, ಎರಡು ಹಾಳೆ ತುಂಬಿಸಿದೆ. ಬದುಕಿನಲ್ಲಿ ಅಷ್ಟು ಖುಷಿಯಿಂದ ಇನ್ನೇನನ್ನೂ ಬರೆದಿಲ್ಲ.

ಅಪ್ಪ ಸುಮ್ಮನಿರಲಿಲ್ಲ. ತಾತನ ಕೈಯಿಂದ ಹೋದ ಕಾಗದ ಇದುವರೆಗೂ ವಾಪಸ್ಸು ಬಂದಿಲ್ಲ, ಒಂದು ಸಲ ತೋರಿಸು ಎಂದು ಹಟ ಹಿಡಿದ. ಹೋದೆ. ತಾತ ಎರಡೂ ಹಾಳೆ ನಿಧಾನಕ್ಕೆ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬರೀ ನಾನ್ ನೋಡ್ದೆ, ನಾನ್ ಕಂಡಿಡ್ದೆ ಅಂತ ಬರ್ದಿದ್ದೀಯಲ್ಲವ್ವ. ಕೊಡೋರ್ ಮುಂದೆ ಇಂಗ್ ಎದೆ ಸೆಟುಸ್ಕೊಂಡ್ ನಿಂತ್ರೆ ಯಾರ್ ಕೊಟ್ಟಾರು? ಮಗ ಅತ್ರೇನೆ ಅವ್ವ ಆಲು ಕೊಡೋದು.”

ಹೊಸ ಕಾರ್ಬನ್ ತೆಗೆದು ಎರಡು ಹಾಳೆಗಳ ನಡುವೆ ಸೇರಿಸಿದರು. ಇಂಗ್ಲಿಷಿನಲ್ಲೇ ಟೈಪು ಶುರುವಾಯಿತು. ಅಪ್ಪನ ಕೂಲಿ ಬಂತು, ಸೋರುವ ಮನೆ ಬಂತು, ಬೀದಿದೀಪದ ಕೆಳಗಿನ ಓದು ಬಂತು. ಅವ್ವನನ್ನಂತೂ ಹಾಸಿಗೆ ಹಿಡಿಸಿಬಿಟ್ಟರು; ಅವತ್ತು ಅವ್ವ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದಳು. ಕೊನೆಗೆ ‘ತಮ್ಮ ವಿಧೇಯಳು’. ನಾನು ತಡೆಯಲಾರದೆ, ಮರಳಿನ ಮಾತೇ ಇಲ್ಲವಲ್ಲ ತಾತ ಎಂದೆ.

“ಮರಳೆಲ್ಲಿಗ್ ಓದದು? ಅಲ್ಲೇ ಬಿದ್ದಿರ್ತದೆ. ಮೊದ್ಲು ನೀನ್ ಓಗವ್ವ.”

ಮರಳು ಒಂದೇ ಕಡೆ ಬಿದ್ದಿರುವುದಿಲ್ಲ, ಅದು ಹೋಗುತ್ತಲೇ ಇರುತ್ತದೆ ಎಂಬುದೇ ನನ್ನ ಎರಡು ಹಾಳೆಯ ಸಾರವಾಗಿತ್ತು. ನನ್ನ ಹಾಳೆಗಳು ಅವರ ಕಾಗದಗಳ ಕಟ್ಟಿನೊಳಗೆ ಸೇರಿಹೋದವು. ಕಂಪ್ಯೂಟರ್ ಅಂಗಡಿಗೆ ಹೋಗಿ ಅವರು ಟೈಪು ಮಾಡಿದ್ದನ್ನು ಒಂದಕ್ಷರ ಬಿಡದೆ ಫಾರಂಗೆ ಇಳಿಸಿದೆ. ಯಾಕೆ ಇಳಿಸಿದೆ? ಅಲ್ಲಿಯವರೆಗೆ ನನಗೆ ಸಿಕ್ಕಿದ್ದೆಲ್ಲ ಬೇಡಿಯೇ ಸಿಕ್ಕಿತ್ತು. ತಾತನ ಮಾತು ಮೀರಿ ಸೀಟು ತಪ್ಪಿದರೆ ಕೇರಿಗೆ ಮುಖ ತೋರಿಸುವುದು ಹೇಗೆ ಎಂಬ ಅಂಜಿಕೆ ಬೇರೆ.

ಕಂಪ್ಯೂಟರಿನಲ್ಲೇ ಸಂದರ್ಶನ. ತೆರೆಯ ಮೇಲೆ ಮೂವರಿದ್ದರು. ನರೆಗೂದಲಿನ ಒಬ್ಬ ಹೆಂಗಸು ಮೆತ್ತಗೆ ಮಾತಾಡಿದಳು: ನಿನ್ನ ಕಷ್ಟವನ್ನೆಲ್ಲ ಓದಿದೆವು, ಬೇಸರವಾಯಿತು, ಈಗ ಹೇಳು, ಇಲ್ಲಿಗೆ ಬಂದು ನೀನು ಏನನ್ನು ತಿಳಿಯಬೇಕು? ನಾನು ಬಾಯಿ ತೆರೆದೆ. ‘ನಾನು ಬಡವರ ಮನೆ ಹುಡುಗಿ, ಮೇಡಂ’ ಎಂದೆ. ಆಕೆ ಕಾದಳು. ‘ತಮಗೆ ಸದಾ ಋಣಿಯಾಗಿರುತ್ತೇನೆ’ ಎಂದೆ. ಆಕೆ ತಲೆ ತಗ್ಗಿಸಿ ಏನೋ ಬರೆದುಕೊಂಡಳು. ಕಡ್ಡಿ, ಗಾಳಿ, ಅಜ್ಜಿಯ ಹೊಸ್ತಿಲು ಎಲ್ಲ ನೆನಪಾದದ್ದು ತೆರೆ ಆರಿದ ಮೇಲೆ.

ವಿಷಾದಿಸುತ್ತೇವೆ ಎಂದು ಉತ್ತರ ಬಂತು. ತಾತನಿಗೆ ನನಗಿಂತ ಹೆಚ್ಚು ನೋವಾಯಿತು ಅನ್ನಿ. “ಅಲ್ಲೂ ಯಾರೋ ದುಡ್ ತಿಂದವ್ರೆ ಕಣವ್ವ. ಬುಡು, ಬರೋ ವರ್ಸ ಇನ್ನೂ ಗಟ್ಟಿಯಾಗ್ ಬರ್ಕೊಡ್ತೀನಿ” ಎಂದರು. ಬರುವ ವರ್ಷ ಎಂಬುದೇ ಇರಲಿಲ್ಲ. ಅವರಿಂದಲೇ ಹೋಯಿತು ಎಂದು ಅವರ ಮುಖಕ್ಕೆ ಹೇಳುವ ಧೈರ್ಯ ಇಲ್ಲದೆ, ಆ ಹೊಂಗೆ ಮರದ ದಾರಿಯನ್ನೇ ಬಿಟ್ಟುಬಿಟ್ಟೆ. ಪರೀಕ್ಷೆ ಬರೆದೆ, ನಂಜನಗೂಡಿನಲ್ಲಿ ಗುಮಾಸ್ತೆಯಾದೆ. ಕಾಯಿಲೆ ಬಿದ್ದಾಗ ನನ್ನನ್ನು ನೋಡಬೇಕೆಂದು ತಾತ ಎರಡು ಸಲ ಹೇಳಿಕಳಿಸಿದರು. ಆಫೀಸಿನಲ್ಲಿ ರಜೆ ಇಲ್ಲ ಎಂದೆ. ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ.

ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಹೋದದ್ದು ತಾತನಿಗಾಗಿ ಅಲ್ಲ, ನನ್ನ ಎರಡು ಹಾಳೆಗಾಗಿ. ಸೊಸೆ ಕಾಫಿ ಕೊಟ್ಟು, ಆ ಕಾಗದವನ್ನೆಲ್ಲ ನೀರೊಲೆಗೆ ಹಾಕಿದೆವು ಎಂದಳು. ನೀನು ಫಾರಿನ್‌ಗೆ ಹೋಗುವುದನ್ನು ನೋಡಿಯೇ ಸಾಯಬೇಕು ಎನ್ನುತ್ತಿದ್ದರು ಮಾವ ಎಂದೂ ಹೇಳಿದಳು. ಕಾಫಿ ಲೋಟ ಹಾಗೇ ಕೆಳಗಿಟ್ಟು ಎದ್ದು ಬಂದೆ.

ಅವರನ್ನು ಕ್ಷಮಿಸಿದ್ದೇನೆಯೇ? ಇಲ್ಲ. ನೆಟ್ಟಗೆ ನಿಂತು ಕೇಳಿದ್ದಕ್ಕೆ ಏಟು ತಿಂದವರ ಮಗ ಅವರು, ಬಗ್ಗಿ ಕೇಳುವುದನ್ನು ಕಲಿತು ಕೇರಿಗೆ ನೀರು ತಂದರು. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದರೂ ಸಿಟ್ಟು ಇಳಿಯುವುದಿಲ್ಲ, ಏನು ಮಾಡಲಿ... ಈಗ ನನ್ನ ಮೇಜಿಗೂ ದಿನಾ ಅರ್ಜಿಗಳು ಬರುತ್ತವೆ. ತಮ್ಮದೇ ಆದದ್ದನ್ನು ಪಡೆಯಲು ಜನ ಮೊದಲ ಸಾಲಿನಲ್ಲೇ ಕೈಮುಗಿದಿರುತ್ತಾರೆ.

ಬೀರು ಖಾಲಿ ಮಾಡಿದ ದಿನ ಸಂಜೆ ಆ ಡಬ್ಬಿಯಿಂದ ಒಂದು ಕಾರ್ಬನ್ ಮನೆಗೆ ತಂದೆ. ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಯಾರಿಗೂ ಕಳಿಸುವುದಕ್ಕಲ್ಲ, ಆ ಮರಳಿನ ಮಾತನ್ನು ಕನ್ನಡದಲ್ಲಾದರೂ ಮತ್ತೊಮ್ಮೆ ಬರೆಯೋಣ ಎಂದು ಕೂತೆ. ‘ನಾನು’ ಎಂದು ಬರೆದೆ. ಮುಂದಿನ ಮಾತಿಗಾಗಿ ನಾನು ತಡಕಾಡುತ್ತಿದ್ದರೆ, ಕೈ ತಾನೇ ಬರೆದುಕೊಂಡು ಹೋಯಿತು: ‘ತಮ್ಮಲ್ಲಿ ಕೈಮುಗಿದು...’

ಹಾಳೆ ಎತ್ತಿ ನೋಡಿದೆ. ಕೆಳಗಿನದರಲ್ಲೂ ಅದೇ ಇತ್ತು, ನೀಲಿಯಲ್ಲಿ.