ನೆಲದ ಕಲ್ಲಿನ ಮೇಲೆ ಬಂದ ದೂರು

ಸಂಕ್ರಾಂತಿ ಹತ್ತಿರ ಬಂದಿತ್ತು. ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ಬಿಡಿಸುತ್ತಾ ಅಡುಗೆಮನೆಯಲ್ಲಿ ಕೂತಿದ್ದೆ. ಯಜಮಾನರು ಹೊಸೂರಿನ ಆಸ್ಪತ್ರೆಯಿಂದ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತರು. ನಿಲ್ಲದ ಕೆಮ್ಮಿಗೆಂದು ತೆಗೆಸಿದ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲೊಂದು ಸಣ್ಣ ಗಂಟು ಕಂಡಿತ್ತು. ಈಗಲೇ ಏನೂ ಹೇಳಲಾಗದು, ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ನೋಡೋಣ, ಸಿಗರೇಟು ಮಾತ್ರ ಮುಟ್ಟಬೇಡಿ ಎಂದಿದ್ದರಂತೆ ಡಾಕ್ಟರಮ್ಮ.

ಕಾಳಿನ ಪಾತ್ರೆ ಪಕ್ಕಕ್ಕಿಟ್ಟೆ. ಪಾಪ, ಹೆದರಿ ಬಂದಿದ್ದಾರೆ, ಧೈರ್ಯ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರು ನೆಲಕ್ಕೆ ಬೆರಳು ತೋರಿಸಿದರು.

"ಎಲ್ಲಾ ಈ ಕಲ್ಲಿಂದ ಕಣೇ. ನೀನೇ ತಾನೆ ಹಟ ಹಿಡ್ದು ಗ್ರಾನೈಟ್ ಹಾಕ್ಸಿದ್ದು?"

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫೋನಿನಲ್ಲಿ ನೋಡಿದ್ದರು. ಮಣ್ಣಿನಿಂದ, ಕಲ್ಲಿನಿಂದ ರೇಡಾನ್ ಎಂಬ ಅನಿಲ ಹೊರಡುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಮನೆಯಲ್ಲಿ ಸೇರಿಕೊಂಡು ಶ್ವಾಸಕೋಶ ಕೆಡಿಸುತ್ತದೆ ಎಂದು. ಮದುವೆಗೆ ಮುಂಚಿನಿಂದ ಸೇದಿದ ಸಿಗರೇಟು ಏನೂ ಮಾಡಿರಲಿಲ್ಲ. ನಾನು ದಿನಾ ಒರೆಸಿ, ಶುಕ್ರವಾರ ರಂಗೋಲಿ ಬಿಡುವ ಕಲ್ಲು ಕೊಲೆಗಡುಕನಾಗಿತ್ತು. ಕೃಷ್ಣಗಿರಿ ಕಡೆ ಬಂಡೆಯ ಮೇಲೇ ಹುಟ್ಟಿ ಬಂಡೆಯ ಮೇಲೇ ಮುದುಕರಾದವರಿಗೆ ಈ ಸಮಾಚಾರ ಯಾರೂ ಮುಟ್ಟಿಸಿರಲಿಲ್ಲ. ನಮ್ಮವರು ಆ ಕೊರತೆ ನೀಗಿಸಲು ಮೊದಲು ಪಕ್ಕದ ಮನೆಯಲ್ಲಿರುವ ಅಣ್ಣನಿಗೆ, ಅಂದರೆ ನನ್ನ ಭಾವನವರಿಗೆ, ಹೇಳಿ ಬಂದರು.

ಮತ್ತೆ ಮಾತ್ರೆಗೆ ಹೋದಾಗ ಜೊತೆಗೆ ನಾನೂ ಹೋಗಿ ಡಾಕ್ಟರಮ್ಮನನ್ನೇ ಕೇಳಿದೆ. ಆಕೆ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ರೇಡಾನ್ ಸುಳ್ಳಲ್ಲ, ಗಣಿಯೊಳಗೆ ದುಡಿದವರಿಗೆ ಅದು ಮಾಡಿದ ಹಾನಿ ಗೊತ್ತಿರುವಂಥದ್ದೇ. ಮನೆಯೊಳಗೆ ಇರುವಷ್ಟರಿಂದ ಎಷ್ಟು ಕೆಡುಕು ಅನ್ನುವುದರಲ್ಲಿ ಓದಿದವರು ಇನ್ನೂ ಜಗಳವಾಡುತ್ತಿದ್ದಾರೆ. ಸಿಗರೇಟಿನ ವಿಷಯದಲ್ಲಿ ಯಾರಿಗೂ ಜಗಳವಿಲ್ಲ. ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ನೆಲ ಕೀಳಬೇಡಿ, ಕಿಟಕಿ ತೆಗೆದಿಡಿ, ಸಿಗರೇಟು ಬಿಡಿ ಅಂದರು.

ಇಷ್ಟೆಲ್ಲದರಲ್ಲಿ ನಮ್ಮವರ ಕಿವಿಗೆ ಬಿದ್ದದ್ದು ಕಿಟಕಿ ಒಂದೇ.

"ಕೇಳುಸ್ಕೊಂಡ್ಯಾ? ಕಿಟ್ಕಿ ತೆಗೀಬೇಕಂತೆ. ನಾನೇನಂದೆ?"

"ಹೂಂ, ನೀವು ಡಾಕ್ಟ್ರಿಗಿಂತ ಮುಂದೇನೇ ಹೇಳಿದ್ರಿ," ಅಂದೆ.

ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ ನಮ್ಮದು ಭಾವನವರ ಮನೆಗೆ ಅಂಟಿಕೊಂಡ ಮನೆ. ಹಿಂದಿನ ಕೋಣೆಯ ಕಿಟಕಿ ತೆರೆದರೆ ಅವರ ಅಂಗಳ. ಸಂಜೆಯೆಲ್ಲ ಭಾವ ಅಲ್ಲೇ ಮಂಚದ ಮೇಲೆ. ನಮ್ಮಲ್ಲಿ ತಲೆ ನರೆತರೂ ಅಣ್ಣನ ಎದುರು ಸಿಗರೇಟು ಹಚ್ಚುವುದಿಲ್ಲ. ಆ ಮರ್ಯಾದೆಗಾಗಿ ನಮ್ಮವರು ಇಷ್ಟು ವರ್ಷ ಕಿಟಕಿ ಭದ್ರವಾಗಿ ಮುಚ್ಚಿಕೊಂಡು ಕೋಣೆಯೊಳಗೇ ಸೇದಿದರು. ಅಣ್ಣನಿಗೆ ಮರ್ಯಾದೆ ಸಿಕ್ಕಿತು, ನನಗೂ ಮಕ್ಕಳಿಗೂ ಹೊಗೆ ಸಿಕ್ಕಿತು.

ಮನೆಗೆ ಬಂದವರೇ ರೇಡಾನ್ ಓಡಿಸಲು ಎಲ್ಲ ಕಿಟಕಿಗಳನ್ನೂ ತೆರೆದರು. ಸಂಜೆ ಕಾಫಿ ಕುಡಿಯುತ್ತಾ ಅಭ್ಯಾಸಬಲದಿಂದ ಒಂದು ಹಚ್ಚಿಯೂ ಬಿಟ್ಟರು.

"ಏನ್ಲಾ ಅದು ಹೊಗೆ?" ಅಂಗಳದಿಂದ ಭಾವ ಕೇಳಿದರು.

"ಏನಿಲ್ಲಣ್ಣ, ಆ ಕಲ್ಲಿನ ಗಾಳಿ, ಆಚೆ ಓಡುಸ್ತಾ ಇದ್ದೀನಿ."

"ಅದ್ಕೆ ವಾಸ್ನೆ ಇಲ್ಲ ಅಂತ ಮೊನ್ನೆ ನೀನೇ ಅಂದ್ಯಲ್ಲಲಾ. ಇದು ಸಿಗ್ರೇಟ್ ನಾತ ಹೊಡೀತೈತೆ ಕಣ್ಲಾ."

ನಮ್ಮವರು ಸಿಗರೇಟನ್ನು ಕಾಫಿಲೋಟದಲ್ಲಿ ಅದ್ದಿದರು. ಲೋಟ ತೊಳೆದವಳು ನಾನು, ಇರಲಿ. ಕಿಟಕಿ ಮುಚ್ಚಿದರೆ ತಮ್ಮ ರೇಡಾನ್ ಸುಳ್ಳಾಗುತ್ತದೆ, ತೆರೆದರೆ ಅಣ್ಣ ಕೂತಿರುತ್ತಾರೆ. ತಾವು ಹೇಳಿದ್ದು ತಪ್ಪೆಂದು ಒಪ್ಪುವುದು ಅವರ ಜಾತಕದಲ್ಲಿಲ್ಲ. ಅವರು ದುಡಿಯುವ ಫ್ಯಾಕ್ಟರಿಯೊಳಗೆ ಬೆಂಕಿಪೊಟ್ಟಣ ಬಿಡುವುದಿಲ್ಲ, ಟೀ ಅಂಗಡಿಯಲ್ಲಿ ಭಾವನ ಗೆಳೆಯರು. ದೇವರು ನಮ್ಮವರಿಗೆ ಬುದ್ಧಿ ಕೊಡಲಾಗದೆ ಭಾವನಿಗೆ ಮಂಚ ಕೊಟ್ಟಿದ್ದ. ಸೇದಲು ಜಾಗವೇ ಸಿಗದೆ ಲವಂಗ ಅಗಿಯುತ್ತಾ, ಸಾರಿನಲ್ಲಿ ಉಪ್ಪು ಜಾಸ್ತಿ ಎಂದು ಸಿಡುಕುತ್ತಾ ಯುಗಾದಿ ಕಳೆದರು. ನಾನು ದೀಪದ ಮುಂದೆ ಆ ಗಂಟಿನ ವಿಷಯ ಒಂದನ್ನೇ ಕೇಳಿಕೊಳ್ಳುತ್ತಿದ್ದೆ.

ಎರಡನೆಯ ಸ್ಕ್ಯಾನಿನಲ್ಲಿ ಗಂಟು ಬೆಳೆದಿರಲಿಲ್ಲ. ಇನ್ನೂ ಆಗಾಗ ನೋಡುತ್ತಿರಬೇಕು, ಸದ್ಯ ಹೋಗಿ ಬನ್ನಿ ಅಂದರು. ಆ 'ಸದ್ಯ'ಕ್ಕೇ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕೈಮುಗಿದೆ.

"ನೋಡ್ದ್ಯಾ? ಕಿಟ್ಕಿ ತೆಗ್ದಿದ್ದಕ್ಕೆ," ಅಂದರು ನಮ್ಮವರು.

"ನಿಮ್ಮ ಮಾತು ಯಾವತ್ತು ಸುಳ್ಳಾಗಿತ್ತು," ಅಂದೆ.

ಮನೆಗೆ ಬಂದು, ಮಾರನೆಯ ದಿನದ ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ.